ಎಣಿಕೆ ಬಿಟ್ಟ ಸೂಜಿ: ಅವ್ವನ ಇಳಕಲ್ ಸೀರೆಗೆ ಪಾರಿಜಾತ

ಟ್ರಂಕಿನ ತಳದಲ್ಲಿದ್ದ ಕರಿನೀಲಿ ಇಳಕಲ್ ಸೀರೆಯನ್ನು ಅವ್ವ ಬಿಡಿಸಿ ಕಿಟಕಿಗೆ ಹಿಡಿದಾಗ ಏಳು ಕಡೆ ಬೆಳಕು ತೂರಿ ಬಂತು. ಟ್ರಂಕಿನ ಒಂದು ಮೊಳೆಗೆ ತುಕ್ಕು ಹಿಡಿದಿತ್ತು. ಸೀರೆ ಮಡಿಕೆ ಮೇಲೆ ಮಡಿಕೆಯಾಗಿ ಅದಕ್ಕೆ ತಾಗಿಕೊಂಡಿತ್ತು. ಒಂದೇ ಮೊಳೆಯ ತುಕ್ಕು ಪದರ ಪದರಕ್ಕೂ ಇಳಿದು ನೂಲನ್ನು ತಿಂದುಬಿಟ್ಟಿತ್ತು. ಹಾಗಾಗಿ ತೂತುಗಳು ಎಲ್ಲೆಂದರಲ್ಲಿ ಇರಲಿಲ್ಲ. ನಾಲ್ಕು ಬೆರಳು ಅಂತರದಲ್ಲಿ ಎರಡು, ಆಮೇಲೆ ಒಂದು ಮೊಳ ಖಾಲಿ, ಮತ್ತೆ ಎರಡು. ಹೀಗೆ ಮೂರು ಜೋಡಿ, ಕೊನೆಗೆ ಒಂಟಿಯಾಗಿ ಒಂದು. ಎಲ್ಲವೂ ಒಂದೇ ಸಾಲಿನಲ್ಲಿ. ಚಿಕ್ಕದು ಸಾಸಿವೆಯಷ್ಟು, ದೊಡ್ಡದು ಜೋಳದ ಕಾಳಿನಷ್ಟು.

"ಹೋಗ್ಲಿ ಬಿಡವಾ, ಕೌದಿಗೆ ಹಾಕಿದ್ರಾತು" ಅಂದಳು ಅವ್ವ.

ಕೌದಿಗೆ ಹೋಗುವುದು ಹಳೇ ಸೀರೆಗೆ ಅವಮಾನವೇನಲ್ಲ. ನಮ್ಮ ಕಡೆ ಎಷ್ಟೋ ಸೀರೆಗಳು ಕೊನೆಗೆ ಸೇರುವುದು ಅಲ್ಲಿಗೇ. ಆದರೆ ಈ ಸೀರೆಯ ಕೆಂಪು ದಡಿ ಇನ್ನೂ ಹಾಗೇ ಮಿರುಗುತ್ತಿತ್ತು. ಸೆರಗಿನ ಕೆಂಪು ಬಿಳಿ ಪಟ್ಟೆಗಳಿಗೆ ಒಂದು ಚೂರೂ ಏಟು ಬಿದ್ದಿರಲಿಲ್ಲ. ನನಗೆ ಕೈ ಬರಲಿಲ್ಲ. ಆ ಸಂಜೆಯೇ ಅದನ್ನು ನನ್ನ ಕೋಣೆಗೆ ತಂದಿಟ್ಟುಕೊಂಡೆ.

ನಾವು ಧಾರವಾಡದವರು. ಇಳಕಲ್ ಸೀರೆ ಮೇಲೆ ಸೂಜಿ ಆಡಿಸುವುದು ಅಂದರೆ ಇಲ್ಲಿ ಮೊದಲು ನೆನಪಾಗುವುದು ಕಸೂತಿ. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಬಗೆಯ ಹೊಲಿಗೆ. ಗೋಪುರ, ತೇರು, ಅಂಬಾರಿ ಆನೆ, ತುಳಸಿ ಕಟ್ಟೆ ಎಲ್ಲವೂ ಆ ನಾಲ್ಕರಲ್ಲೇ ಮೂಡುತ್ತವೆ. ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಎಳೆಯುವುದಿಲ್ಲ. ಬಟ್ಟೆಯ ಎಳೆಗಳನ್ನೇ ಎಣಿಸಿ ಚುಚ್ಚುತ್ತಾ ಹೋಗುವುದು. ಗವಂತಿಯಲ್ಲಿ ಒಂದು ಸಲ ಎಳೆ ಬಿಟ್ಟು ಬಿಟ್ಟು ಹೋಗಿ, ಬಂದ ದಾರಿಯಲ್ಲೇ ವಾಪಸ್ ಬಂದು ಖಾಲಿ ಉಳಿದದ್ದನ್ನು ತುಂಬುತ್ತಾರೆ. ಅದಕ್ಕೇ ಒಳಗೂ ಹೊರಗೂ ಒಂದೇ ಥರ ಕಾಣುತ್ತದೆ. ಅವ್ವ ಹಾಕಿದ ಕಸೂತಿಯ ಹಿಂಬದಿಯಲ್ಲಿ ಒಂದು ಗಂಟು ಹುಡುಕಿದರೂ ಸಿಗುವುದಿಲ್ಲ.

ನನಗೂ ಕಸೂತಿ ಬರುತ್ತದೆ, ಪ್ರೀತಿಯೂ ಇದೆ. ಆದರೆ ನನ್ನ ಕೆಲಸ ಬ್ಯಾಂಕಿನಲ್ಲಿ. ಬೆಳಿಗ್ಗೆಯಿಂದ ಸಂಜೆ ತನಕ ಅಂಕಿಗಳೇ. ಮನೆಗೆ ಬಂದು ಮತ್ತೆ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಅಂತ ಲೆಕ್ಕ ಹಾಕುತ್ತಾ ಕೂತರೆ ತಲೆ ಇನ್ನೂ ಆಫೀಸಿನಲ್ಲೇ ಇದ್ದ ಹಾಗೆ ಅನಿಸುತ್ತದೆ. ಒಂದು ಎಳೆ ತಪ್ಪಿದರೆ ಇಡೀ ಗೋಪುರ ಬಿಚ್ಚಬೇಕು. ಅದಕ್ಕೇ ಈ ಸೀರೆಗೆ ಎಣಿಕೆ ಬೇಡ, ಟ್ರೇಸಿಂಗ್ ಹಾಳೆ ಬೇಡ, ಚಾಕ್‌ಪೀಸ್ ಗುರುತೂ ಬೇಡ ಅಂತ ನಿರ್ಧಾರ ಮಾಡಿದೆ. ನೋಡಿಕೊಂಡು, ಸೂಜಿಯಲ್ಲೇ ಚಿತ್ರ ಬರೆಯುವುದು.

ಏನು ಬರೆಯಬೇಕು ಅನ್ನುವುದಕ್ಕೆ ಹೆಚ್ಚು ಯೋಚಿಸಲಿಲ್ಲ. ಹಿತ್ತಲಲ್ಲಿ ಪಾರಿಜಾತ ಬಿಡುತ್ತಿತ್ತು. ಸಂಜೆ ಅರಳಿ, ಬೆಳಕು ಹರಿಯುವ ಹೊತ್ತಿಗೆ ಉದುರುವ ಹೂವು. ನೆಲಕ್ಕೆ ಬಿದ್ದದ್ದನ್ನೂ ದೇವರಿಗೆ ಏರಿಸುತ್ತೇವಲ್ಲ, ಅದೇ. ಕರಿನೀಲಿ ನೆಲದ ಮೇಲೆ ಉದುರಿದ ಬಿಳಿ ಹೂಗಳು. ತೂತು ಇರುವ ಕಡೆಯೆಲ್ಲ ಒಂದೊಂದು ಹೂ ಬಿದ್ದರೆ ಆಯಿತು ಅಂದುಕೊಂಡೆ. ಅಷ್ಟು ಸುಲಭ ಇರಲಿಲ್ಲ.

ದಾರ, ಸೂಜಿ, ರಿಂಗ್

ಎಂಬ್ರಾಯ್ಡರಿ ದಾರ ಒಂದು ಲಡಿಗೆ 8 ಮೀಟರ್ ಬರುತ್ತದೆ, ಒಳಗೆ ಆರು ಎಳೆ. ನಾನು ಎರಡೆರಡು ಎಳೆ ಬಳಸಿದೆ. ಮೊಳದುದ್ದ ಕತ್ತರಿಸಿಕೊಳ್ಳಬೇಕು, ಅದಕ್ಕಿಂತ ಉದ್ದ ಆದರೆ ದಾರ ಬಟ್ಟೆಯೊಳಗೆ ಹೋಗಿ ಬಂದು ಸವೆದು ನಾರು ನಾರಾಗುತ್ತದೆ. ಎರಡು ಎಳೆಯನ್ನು ಒಟ್ಟಿಗೆ ಎಳೆದರೆ ಸಿಕ್ಕು. ಒಂದನ್ನು ಪೂರ್ತಿ ಎಳೆದು ತೆಗೆದು, ಇನ್ನೊಂದನ್ನು ತೆಗೆದು, ಆಮೇಲೆ ಜೋಡಿಸಿ ಸೂಜಿಗೆ ಪೋಣಿಸಬೇಕು. ಹಾಗೆ ಮಾಡಿದರೆ ಎಸಳು ಚಪ್ಪಟೆಯಾಗಿ, ತುಂಬಿಕೊಂಡು ಕೂರುತ್ತದೆ. ಒಂದು ಮೊಳಕ್ಕೆ ಸರಿಯಾಗಿ ಒಂದು ಹೂ ಆಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಅಚ್ಚ ಬಿಳಿ ದಾರ ಹಾಕಿ ನೋಡಿದೆ. ಕರಿನೀಲಿ ಮೇಲೆ ಅದು ಕಣ್ಣಿಗೆ ಚುಚ್ಚುತ್ತಿತ್ತು. ಹಾಲಿನ ಕೆನೆ ಬಣ್ಣದ್ದು ಸರಿ ಹೋಯಿತು. ತೊಟ್ಟಿನ ಕಿತ್ತಳೆ ಬಣ್ಣಕ್ಕೆ ಸುಭಾಸ್ ರಸ್ತೆಯ ದಾರದ ಅಂಗಡಿಗೆ ಹೋಗುವಾಗ ಒದ್ದೆ ಕರವಸ್ತ್ರದಲ್ಲಿ ನಾಲ್ಕು ಪಾರಿಜಾತ ಸುತ್ತಿಕೊಂಡು ಹೋಗಿದ್ದೆ. ಪಕ್ಕದಲ್ಲಿಟ್ಟು ನೋಡಿದಾಗಲೇ ತಿಳಿದದ್ದು, ಅದು ಕಿತ್ತಳೆ ಹಣ್ಣಿನ ಬಣ್ಣ ಅಲ್ಲ, ಕುಂಕುಮ ಕೇಸರಿಯ ಕಡೆಗೆ ವಾಲಿದ ಬಣ್ಣ. ಆ ತೊಟ್ಟಿನಿಂದ ಹಿಂದೆ ರೇಷ್ಮೆಗೆ ಬಣ್ಣ ಕಟ್ಟುತ್ತಿದ್ದರು. ಕರವಸ್ತ್ರದಲ್ಲೂ ನಾಲ್ಕು ಕಲೆ ಉಳಿಯಿತು.

ಬಣ್ಣ ಬಿಡುತ್ತದೆಯೋ ನೋಡಲೇಬೇಕು, ಇದನ್ನು ಮಾತ್ರ ಬಿಡಬೇಡಿ. ಬಿಸಿನೀರಲ್ಲಿ ಒಂದು ತುಂಡು ದಾರ ನೆನೆಸಿ, ಬಿಳಿ ಬಟ್ಟೆ ನಡುವೆ ಇಟ್ಟು ಒತ್ತಬೇಕು. ಮೊದಲು ತಂದ ಸಡಿಲು ದಾರ ಎರಡೇ ನಿಮಿಷದಲ್ಲಿ ಬಟ್ಟೆಗೆ ಬಣ್ಣ ಬಿಟ್ಟಿತು. ಹೊಲಿದಾದ ಮೇಲೆ ಒಗೆದಿದ್ದರೆ ಬಿಳಿ ಎಸಳೆಲ್ಲ ಕೆಂಪಡರುತ್ತಿದ್ದವು. ಎರಡನೇ ಸಲ ತಂದದ್ದು ಗಟ್ಟಿ ಬಣ್ಣ. ಸೀರೆಯ ಬಗ್ಗೆ ಚಿಂತೆ ಇರಲಿಲ್ಲ, ಅದು ಬಿಡಬೇಕಾದ ಬಣ್ಣವನ್ನೆಲ್ಲ ಎಂದೋ ಬಿಟ್ಟಾಗಿತ್ತು.

ತೂತಿನ ಸುತ್ತ ಕಂದು ಕಲೆ ಇತ್ತಲ್ಲ, ಅದಕ್ಕೆ ನಿಂಬೆರಸ ಉಪ್ಪು ಹಚ್ಚಿ ಬಿಸಿಲಿಗೆ ಇಡುವುದು ಮನೆಮದ್ದು. ಸೊಂಟಕ್ಕೆ ಸಿಕ್ಕಿಸುವ ತುದಿಯಲ್ಲಿ ಹಚ್ಚಿ ನೋಡಿದೆ. ನೀಲಿಯೂ ಸ್ವಲ್ಪ ತಿಳಿಯಾಯಿತು. ಹಾಗಾಗಿ ಕೈಬಿಟ್ಟೆ. ಕಲೆಯ ಮೇಲೂ ಎಸಳೇ ಬರಲಿ.

ಮೊದಲ ಮೂರು ಸಂಜೆ

ತೂತಿನ ಅಂಚಿನಲ್ಲಿ ಪುಡಿಯಾಗುತ್ತಿದ್ದ ನೂಲನ್ನು ಮಾತ್ರ ಸಣ್ಣ ಕತ್ತರಿಯಲ್ಲಿ ತೆಗೆದೆ. ಹಿಂದೆ ಕೊಡಲು ಬಿಳಿ ಮಲ್ ಬಟ್ಟೆ ಇಟ್ಟು ನೋಡಿದರೆ ತೂತಿನಲ್ಲಿ ಬಿಳಿ ಇಣುಕುತ್ತಿತ್ತು. ಸೊಂಟಕ್ಕೆ ಸಿಕ್ಕಿಸುವ ತುದಿಯಿಂದಲೇ ಒಂದು ಗೇಣು ಕತ್ತರಿಸಿ, ಏಳು ಸಣ್ಣ ತುಂಡು ಮಾಡಿದೆ. ಅದೇ ಬಟ್ಟೆ, ಅದೇ ವಯಸ್ಸು, ಅದೇ ಬಣ್ಣ. ಹೊಸ ಬಟ್ಟೆ ಕೊಟ್ಟರೆ ಅದು ಒಗೆದಾಗ ಕುಗ್ಗಿ ಹಳೆಯದನ್ನು ಎಳೆಯುತ್ತದೆ. ತುಂಡನ್ನು ಹಿಂದೆ ಇಟ್ಟು, ತೂತಿನ ಸುತ್ತ ಒಂದೇ ಎಳೆ ನೀಲಿ ದಾರದಲ್ಲಿ ಸಣ್ಣ ಸಣ್ಣ ಹೊಲಿಗೆ ಹಾಕಿ ಕೂರಿಸಿದೆ. ಈ ಕೆಲಸಕ್ಕೆ ಎರಡು ಸಂಜೆ.

ಮೂರನೇ ಸಂಜೆ ತಪ್ಪು ಮಾಡಿದೆ. ರಿಂಗ್ ಅಂದರೆ ಒಂದರೊಳಗೊಂದು ಕೂರುವ ಎರಡು ಬಳೆ, ನಡುವೆ ಬಟ್ಟೆ ಸಿಕ್ಕಿಸಿ ಬಿಗಿ ಹಿಡಿಯುವುದು. ಅದಕ್ಕೆ ಹಾಕಿದ ಬಟ್ಟೆ ತಮಟೆ ಥರ ಬಿಗಿಯಾಗಿರಬೇಕು ಅಂತ ಕಲಿತಿದ್ದೆ. ತಿರುಪು ಬಿಗಿ ಮಾಡಿದೆ. ಪರ್ ಅಂತ ಒಂದು ಸದ್ದು. ತೂತಿನ ಪಕ್ಕದಲ್ಲಿ ಅರ್ಧ ಇಂಚು ಉದ್ದಕ್ಕೆ ಸೀರೆ ಸೀಳಿತು. ಎದೆ ಧಸಕ್ ಅಂತು. ಆ ದಿನ ಎಲ್ಲ ಮಡಚಿಟ್ಟು ಮಲಗಿದೆ.

ಮಾರನೇ ದಿನ ರಿಂಗಿನ ಒಳಬಳೆಗೆ ಹಳೇ ಧೋತರದ ಪಟ್ಟಿ ಸುತ್ತಿದೆ. ಬಟ್ಟೆಯನ್ನು ಅಗತ್ಯಕ್ಕೆ ತಕ್ಕಷ್ಟೇ ಎಳೆದೆ, ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗುವಷ್ಟು ಸಡಿಲ. ರಾತ್ರಿ ಏಳುವಾಗ ರಿಂಗ್ ಬಿಚ್ಚಿಯೇ ಏಳುತ್ತಿದ್ದೆ. ಇಲ್ಲದಿದ್ದರೆ ಬಳೆಯ ಗುರುತು ಕೂತುಬಿಡುತ್ತದೆ.

ಸೀಳು ಏನಾಯಿತು ಅಂದರೆ, ಎಲೆ ಆಯಿತು. ಸೀಳನ್ನೇ ಎಲೆಯ ನಡುನರ ಮಾಡಿಕೊಂಡೆ. ಎಲೆಯ ತುದಿಯಿಂದ ಶುರು ಮಾಡಿ, ಎಡಗಡೆಯ ಅಂಚಿನಿಂದ ನಡುನರ ದಾಟಿ ಬಲಕ್ಕೆ ಒಂದು ಹೊಲಿಗೆ, ಬಲಗಡೆಯಿಂದ ದಾಟಿ ಎಡಕ್ಕೆ ಒಂದು. ಮೀನಿನ ಮುಳ್ಳಿನ ಹಾಗೆ ಒಂದರ ಮೇಲೊಂದು ಬರುತ್ತಾ ಸೀಳಿನ ಎರಡೂ ದಡವನ್ನು ಹಿಡಿದುಕೊಳ್ಳುತ್ತದೆ. ಹಸಿರು ದಾರ ಮುಗಿಯುವ ಹೊತ್ತಿಗೆ ಸೀಳಿನ ಜಾಗ ಇಡೀ ಸೀರೆಯಲ್ಲೇ ಗಟ್ಟಿ ಜಾಗ ಆಗಿತ್ತು. ಗೆರೆ ಹಾಕಿಕೊಂಡು ಕೂತಿದ್ದರೆ ಆ ಎಲೆ ಅಲ್ಲಿ ಇರುತ್ತಲೇ ಇರಲಿಲ್ಲ.

ಎಸಳು

ಮೊದಲ ಹೂವಿಗೆ ಲೇಜಿ ಡೇಜಿ ಹಾಕಿದೆ. ಎಲ್ಲರೂ ಹೂವಿಗೆ ಹಾಕುವ ಹೊಲಿಗೆ, ಒಂದು ಕುಣಿಕೆ, ತುದಿಯಲ್ಲಿ ಒಂದು ಚುಕ್ಕೆ. ಹೂ ಚೆನ್ನಾಗಿತ್ತು, ಆದರೆ ಪಾರಿಜಾತ ಅಲ್ಲ. ಮಲ್ಲಿಗೆಯೂ ಇರಬಹುದು, ಸೇವಂತಿಗೆಯೂ ಇರಬಹುದು. ಬಿಚ್ಚಿದೆ.

ಬೆಳಿಗ್ಗೆ ಹಿತ್ತಲಿಗೆ ಹೋಗಿ ಒಂದು ಹೂವನ್ನು ಅಂಗೈಯಲ್ಲಿ ಇಟ್ಟುಕೊಂಡು ಸುಮ್ನೆ ನೋಡುತ್ತಾ ಕೂತೆ. ಹುಟ್ಟಿದಾಗಿನಿಂದ ಆರಿಸಿದ ಹೂವು ಅದು, ಆದರೆ ಎಸಳಿನ ತುದಿ ಹೇಗಿದೆ ಅಂತ ಒಮ್ಮೆಯೂ ನೋಡಿರಲಿಲ್ಲ. ತುದಿ ಮೊನಚಾಗಿಲ್ಲ. ನಡುವೆ ಸೀಳಿದೆ, ಮೀನಿನ ಬಾಲದ ಹಾಗೆ. ಬುಡದಲ್ಲಿ ಸಣ್ಣ, ತುದಿಯಲ್ಲಿ ಅಗಲ. ಎಸಳುಗಳು ನೆಟ್ಟಗೆ ಹರಡಿಲ್ಲ. ಎಲ್ಲವೂ ಒಂದೇ ಕಡೆಗೆ ವಾಲಿವೆ, ಜಾತ್ರೆಯ ಗಿರಗಿಟ್ಟಲೆ ಥರ. ಒಂದು ಹೂವಿಗೆ ಐದು ಎಸಳು, ಇನ್ನೊಂದಕ್ಕೆ ಆರು, ಮತ್ತೊಂದಕ್ಕೆ ಏಳು.

ಆ ಸಂಜೆ ಕುಣಿಕೆ ಬಿಟ್ಟು ನೇರ ಹೊಲಿಗೆ ಹಿಡಿದೆ. ಒಂದು ಎಸಳಿಗೆ ಮೂರು. ತುದಿಯಿಂದ ನಡುವಿಗೆ ಬರುವ ಎರಡು ಉದ್ದ ಹೊಲಿಗೆ, ತುದಿಯಲ್ಲಿ ಸ್ವಲ್ಪ ಕವಲೊಡೆದ ಹಾಗೆ. ಅವುಗಳ ನಡುವೆ ಒಂದು ಗಿಡ್ಡ ಹೊಲಿಗೆ. ಆ ಗಿಡ್ಡದ್ದರಿಂದಲೇ ತುದಿಯ ಸೀಳು ಮೂಡುವುದು. ಮೂರನ್ನೂ ಸ್ವಲ್ಪ ಬಲಕ್ಕೆ ವಾಲಿಸಿದರೆ ಗಿರಗಿಟ್ಟಲೆ ತಿರುಗಲು ಶುರುವಾಗುತ್ತದೆ. ಆರು ಎಸಳು ಮುಗಿಸಿ ನಡುವೆ ಕೇಸರಿ ದಾರದ ಒಂದು ಗಂಟು ಇಟ್ಟೆ. ಇಟ್ಟ ಕೂಡಲೇ ಅದು ಪಾರಿಜಾತ ಆಯಿತು. ಅಷ್ಟು ಹೊತ್ತು ಉಸಿರು ಹಿಡಿದಿದ್ದೆ ಅಂತ ಕಾಣುತ್ತದೆ, ಆಗ ಬಿಟ್ಟೆ.

ಆ ಗಂಟಿನ ಬಗ್ಗೆ ಒಂದು ಮಾತು. ಫ್ರೆಂಚ್ ನಾಟ್ ಅನ್ನುತ್ತಾರಲ್ಲ, ಸೂಜಿಗೆ ದಾರವನ್ನು ಎರಡು ಸುತ್ತು ಸುತ್ತಿ ಚುಚ್ಚುವುದು. ದಾರ ಮೇಲೆ ಬಂದ ತೂತಿನಲ್ಲೇ ಮತ್ತೆ ಚುಚ್ಚಿದರೆ ಗಂಟು ಹಿಂದಕ್ಕೆ ಜಾರಿ ಹೋಗುತ್ತದೆ. ಒಂದೆರಡು ಎಳೆ ಪಕ್ಕಕ್ಕೆ ಚುಚ್ಚಬೇಕು. ಸೂಜಿ ಕೆಳಗೆ ಇಳಿಯುವ ತನಕ ಎಡಗೈ ಹೆಬ್ಬೆರಳಲ್ಲಿ ದಾರ ಬಿಗಿ ಹಿಡಿದಿರಬೇಕು.

ಇನ್ನೊಂದು ಸಂಗತಿ ಎರಡನೇ ಹೂವಿನಲ್ಲಿ ಕಲಿತೆ. ನಾನು ಹೂವಿನ ನಡುವನ್ನು ಸರಿಯಾಗಿ ತೂತಿನ ಮೇಲೇ ಇಟ್ಟಿದ್ದೆ. ಆರು ಎಸಳಿಗೆ ಮೂರರಂತೆ ಹದಿನೆಂಟು ಸಲ ಸೂಜಿ ಅಲ್ಲೇ ಇಳಿಯುತ್ತದೆ. ಮೊದಲೇ ಸೋತ ಬಟ್ಟೆ, ಜೋಳದ ಕಾಳಿನಷ್ಟಿದ್ದ ತೂತು ದೊಡ್ಡದಾಗತೊಡಗಿತು. ಅದಕ್ಕೇ ನಡು ಯಾವಾಗಲೂ ಗಟ್ಟಿ ಬಟ್ಟೆಯ ಮೇಲೆ ಇರಬೇಕು, ತೂತು ಎಸಳಿನ ಕೆಳಗೆ ಬರಬೇಕು. ಎಸಳು ತೂತಿನ ಈ ದಡದಿಂದ ಆ ದಡಕ್ಕೆ ಸೇತುವೆಯ ಹಾಗೆ ಮಲಗಿಕೊಳ್ಳುತ್ತದೆ. ಭಾರ ಎರಡೂ ಕಡೆ ಹಂಚಿಹೋಗುತ್ತದೆ.

ಹೂವಿನಿಂದ ಹೂವಿಗೆ ದಾರ ಎಳೆದುಕೊಂಡು ಹೋಗಬೇಡಿ. ತೆಳು ಬಟ್ಟೆಯಲ್ಲಿ ಬಿಳಿ ದಾರದ ನೆರಳು ಮೇಲೆ ಕಾಣುತ್ತದೆ, ಹಿಂದೆ ಬಳೆಗೆ ಸಿಕ್ಕಿಕೊಳ್ಳುತ್ತದೆ. ಒಂದು ಹೂ ಮುಗಿದರೆ ದಾರದ ತುದಿಯನ್ನು ಅದರದ್ದೇ ಹೊಲಿಗೆಗಳ ಅಡಿ ತೂರಿಸಿ ಕತ್ತರಿಸುವುದು. ಗಂಟು ಹಾಕದೆ ಮುಗಿಸುವ ಈ ಅಭ್ಯಾಸ ಮಾತ್ರ ಕಸೂತಿಯಿಂದಲೇ ಬಂದದ್ದು, ಅದನ್ನು ಬಿಡಲು ಕೈಯೂ ಒಪ್ಪುವುದಿಲ್ಲ.

ಸಾಲು ಮುರಿಯುವುದು

ಒಂದು ವಾರಕ್ಕೆ ಏಳೂ ತೂತಿನ ಮೇಲೆ ಏಳು ಹೂ ಆದವು. ಮಂಚದ ಮೇಲೆ ಸೀರೆ ಹರಡಿ ದೂರ ನಿಂತು ನೋಡಿದೆ. ಮನಸ್ಸು ಪಿಚ್ಚೆನಿಸಿತು. ಹೂಗಳು ಚೆನ್ನಾಗಿದ್ದವು. ಆದರೆ ಎರಡು, ಎರಡು, ಎರಡು, ಒಂದು ಅಂತ ಸಾಲಾಗಿ ನಿಂತು, ಇಲ್ಲಿ ತೂತಿತ್ತು ಅಂತ ಕೂಗಿ ಹೇಳುವ ಹಾಗಿದ್ದವು.

ರಾತ್ರಿ ಪಾರಿಜಾತದ ಕೆಳಗೆ ಹಳೇ ಚಾದರ ಹಾಸಿ ಬಂದೆ. ಬೆಳಿಗ್ಗೆ ಚಾದರದ ಮೇಲೆ ಬಿದ್ದದ್ದನ್ನು ನೋಡಿದೆ. ಬುಡದ ಹತ್ತಿರ ಒತ್ತೊತ್ತಾಗಿ, ದೂರಕ್ಕೆ ವಿರಳವಾಗಿ. ಮೂರು ಒಂದಕ್ಕೊಂದು ಆತುಕೊಂಡಿವೆ, ಅವುಗಳಿಂದ ಗೇಣು ದೂರದಲ್ಲಿ ಒಂದೇ ಒಂದು. ಸಮ ಅಂತರ ಅನ್ನುವುದು ಎಲ್ಲೂ ಇಲ್ಲ. ಎರಡು ಕಡೆಯಂತೂ ಕೈಯಗಲ ಜಾಗ ಪೂರ್ತಿ ಖಾಲಿ. ಸಂಜೆ ಸೀರೆ ಮೇಲೆ ಒಂದು ಹಿಡಿ ಚುರುಮುರಿ ಎರಚಿ ನೋಡಿದೆ, ಒಂದು ಸಲ, ಎರಡು ಸಲ, ಮೂರು ಸಲ. ಗುರುತು ಮಾಡಿಕೊಳ್ಳಲಿಲ್ಲ, ಬೀಳುವ ರೀತಿ ಕಣ್ಣಿಗೆ ಅಭ್ಯಾಸ ಆಗಲಿ ಅಂತ ಅಷ್ಟೇ.

ಆಮೇಲೆ ದಿನದ ಕೆಲಸಕ್ಕೆ ಒಂದು ಕ್ರಮ ಬಂತು. ಆಫೀಸಿನಿಂದ ಬಂದು ಕೈಕಾಲು ತೊಳೆದು, ಚಹಾ ಕುಡಿದು, ಸೀರೆ ಹರಡಿ ನಿಂತು ನೋಡುವುದು. ಯಾವ ಹೂವಿನ ಪಕ್ಕ ಇನ್ನೊಂದು ಬೇಕು ಅನಿಸುತ್ತದೋ ಅಲ್ಲಿ ರಿಂಗ್ ಹಾಕುವುದು. ಮೊದಲ ಹೂವೇ ಮುಂದಿನ ಹೂವಿಗೆ ಜಾಗ ತೋರಿಸುತ್ತಿತ್ತು. ಮೂರು ಹೂ ಒಂದೇ ಗೆರೆಗೆ ಬರಬಾರದು ಅನ್ನುವುದಷ್ಟೇ ನಾನು ಹಾಕಿಕೊಂಡ ಕಟ್ಟಳೆ. ಸಂಜೆಗೆ ಮೂರು, ಕೆಲವು ದಿನ ನಾಲ್ಕು. ಶುರುವಿನಲ್ಲಿ ಒಂದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು, ಆಮೇಲೆ ಹತ್ತಕ್ಕೆ ಇಳಿಯಿತು. ನಾನು ಅವಸರ ಮಾಡಲಿಲ್ಲ, ಕೈಗೆ ದಾರಿ ಗೊತ್ತಾಗಿತ್ತು.

ಆ ಹೊತ್ತಿನಲ್ಲಿ ಮನಸ್ಸು ಎಲ್ಲಿರುತ್ತಿತ್ತು ಅಂದರೆ, ಸೂಜಿಯ ತುದಿಯಲ್ಲೇ. ದಾರ ಬಟ್ಟೆಯೊಳಗಿಂದ ಬರುವಾಗ ಸಣ್ಣಗೆ ಸರ್ ಅಂತ ಸದ್ದು ಬರುತ್ತದೆ. ಟಿವಿ ಹಾಕದೆ ಕೂತರೆ ಮಾತ್ರ ಕೇಳುತ್ತದೆ. ದಿನವಿಡೀ ಬಿಗಿದುಕೊಂಡಿದ್ದ ಭುಜ ನಾಲ್ಕನೇ ಎಸಳಿನ ಹೊತ್ತಿಗೆ ತಾನಾಗಿ ಇಳಿದಿರುತ್ತಿತ್ತು. ಒಂದು ಎಸಳು ಉದ್ದ ಆದರೆ ಆಗಲಿ, ಮರದಲ್ಲೂ ಹಾಗೇ ಇರುತ್ತದೆ. ಹೋಲಿಸಿ ನೋಡಲು ಕೆಳಗೆ ಗೆರೆ ಇಲ್ಲದ ಮೇಲೆ ತಪ್ಪಿದ್ದು ಅನ್ನುವುದೇ ಕಡಿಮೆ.

ಅವ್ವ ದಿನಾ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು: "ಗೀಟು ಹಾಕಿಲ್ಲ, ಎಳಿ ಎಣಿಸಿಲ್ಲ. ಎಲ್ಲಿ ಚುಚ್ಚಬೇಕಂತ ಸೂಜಿಗೆ ಹ್ಯಾಂಗ ತಿಳೀತೈತಿ?"

"ನೋಡಿ ಹಾಕ್ತೀನವ್ವ."

ಹತ್ತಿರ ಬಂದು, ಕನ್ನಡಕ ಸರಿ ಮಾಡಿಕೊಂಡು, ಬಹಳ ಹೊತ್ತು ನೋಡಿದಳು. "ಎಲ್ಲಾ ಹೂವೂ ಮಕಾ ಮ್ಯಾಲ ಮಾಡಿ ಬಿದ್ದಾವಲ್ಲವಾ. ಒಂದರ ಬೋರಲ ಬಿದ್ದಿಲ್ಲೇನು?"

ಎಷ್ಟು ಸರಿ ಅಂದರೆ, ಚಾದರದ ಮೇಲೆ ಅಷ್ಟೊಂದು ಹೂ ಬೋರಲು ಬಿದ್ದು ಕೇಸರಿ ತೊಟ್ಟು ಮೇಲೆ ಮಾಡಿಕೊಂಡಿದ್ದವು. ನಾನೇ ಕಣ್ಣಾರೆ ನೋಡಿದ್ದೆ, ಆದರೆ ಕೈಗೆ ಹೊಳೆದಿರಲಿಲ್ಲ. ಅಂದಿನಿಂದ ಬೋರಲು ಹೂಗಳು ಶುರುವಾದವು. ಅದಕ್ಕೆ ನಡುವಿನ ಗಂಟು ಬೇಡ. ಎಸಳುಗಳ ಮೇಲೆ ಬುಲಿಯನ್ ಹೊಲಿಗೆಯಲ್ಲಿ, ಸೂಜಿಗೆ ಏಳೆಂಟು ಸುತ್ತು ಕೇಸರಿ ದಾರ ಸುತ್ತಿ, ಪುಟ್ಟ ಕೊಳವೆಯನ್ನು ಓರೆಯಾಗಿ ಮಲಗಿಸಿದೆ. ಸೀರೆಯ ಬಣ್ಣವೇ ಬದಲಾದ ಹಾಗೆ ಕಂಡಿತು. ಅಲ್ಲಿಯ ತನಕ ಚುಕ್ಕೆ ಚುಕ್ಕೆಯಾಗಿದ್ದ ಕೇಸರಿ ಈಗ ಗೆರೆಗೆರೆಯಾಗಿ ಅಲ್ಲಲ್ಲಿ ಹೊಳೆಯುತ್ತಿತ್ತು, ಕೆಂಪು ದಡಿಗೂ ಹೂವಿಗೂ ಸಂಬಂಧ ಕೂಡಿತು.

ಅರವತ್ತೊಂದನೇ ಹೂ

ಐದು ವಾರಕ್ಕೆ ಅರವತ್ತು ಹೂ, ನಾಲ್ಕು ಎಲೆ, ಆರು ಮೊಗ್ಗು. ಸೆರಗಿನ ಕಡೆ ಒತ್ತಾಗಿ, ನೆರಿಗೆಯ ಕಡೆ ಹೋಗ್ತಾ ಹೋಗ್ತಾ ಒಂದೊಂದೇ. ಸಾಲು ಎಲ್ಲಿತ್ತು ಅಂತ ನನಗೇ ಹುಡುಕಬೇಕಾಯಿತು. ದಾರ ಕತ್ತರಿಸುವಾಗ ಅವ್ವ ಕೈ ಚಾಚಿದಳು. "ಇಲ್ಲಿ ಕೊಡು, ಒಂದು ನಾ ಹಾಕ್ತೀನಿ."

ಸೂಜಿ ನಾನೇ ಪೋಣಿಸಿ ಕೊಟ್ಟೆ. ರಿಂಗ್ ಬೇಡ ಅಂದಳು. ಬಟ್ಟೆಯನ್ನು ಎಡಗೈ ತೋರುಬೆರಳ ಮೇಲೆ ಬಿಗಿಯಾಗಿ ಹಾಸಿಕೊಂಡಳು. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದಳು. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ. ಅವಳ ಪಾರಿಜಾತಕ್ಕೆ ಎಂಟು ಎಸಳು, ಎಂಟೂ ಸಮ, ನಾಲ್ಕೂ ದಿಕ್ಕಿಗೆ ಅಳತೆ ಮಾಡಿದ ಹಾಗೆ. ಹಿಂದೆ ತಿರುಗಿಸಿದರೆ ಅಲ್ಲೂ ಅದೇ ಹೂ. ಅದು ಸೆರಗಿನ ಕೆಂಪು ಶುರುವಾಗುವ ಕಡೆ, ಭುಜದ ಮೇಲೆ ಬರುತ್ತದೆ.

ಅಂಟವಾಳದ ನೀರಲ್ಲಿ ತಣ್ಣಗೆ ಅದ್ದಿ ತೆಗೆದು, ಹಿಂಡದೆ, ನೆರಳಲ್ಲಿ ಒಣಗಿಸಿದೆ. ಇಸ್ತ್ರಿ ಮಾಡುವಾಗ ದಪ್ಪ ಟವೆಲ್ ಹಾಸಿ ಹೂವಿನ ಮುಖ ಕೆಳಗೆ ಮಾಡಿ ಹಿಂದಿನಿಂದ ಒತ್ತಬೇಕು. ಮೇಲಿಂದ ಒತ್ತಿದರೆ ಗಂಟುಗಳು ಚಪ್ಪಟೆಯಾಗುತ್ತವೆ. ಸೀರೆ ಈಗ ಟ್ರಂಕಿನಲ್ಲಿ ಇಲ್ಲ. ಹಳೇ ಧೋತರದಲ್ಲಿ ಸುತ್ತಿ ಮರದ ಕಪಾಟಿನಲ್ಲಿ ಇಟ್ಟಿದ್ದೇವೆ.

ಇಸ್ತ್ರಿ ಮಾಡುವಾಗಲೇ ಇನ್ನೊಂದು ತೂತು ಕಂಡಿತು. ಎಂಟನೆಯದು, ಸಾಸಿವೆಗಿಂತ ಚಿಕ್ಕದು, ನೆರಿಗೆಯ ಒಳಗೆ ಹೋಗುವ ಜಾಗದಲ್ಲಿ. ಅಷ್ಟರಲ್ಲಿ ಹಿತ್ತಲಿನ ಮರ ಹೂ ಬಿಡುವುದನ್ನು ನಿಲ್ಲಿಸಿತ್ತು. ಉಳಿದಿದ್ದ ಅರ್ಧ ಮೊಳ ದಾರದಲ್ಲಿ ಅಲ್ಲಿ ಒಂದು ಮೊಗ್ಗು ಹಾಕಿದೆ. ಉಟ್ಟಾಗ ಅದು ಯಾರಿಗೂ ಕಾಣುವುದಿಲ್ಲ. ಅವ್ವ ನೆರಿಗೆ ಹಿಡಿಯುವಾಗ ಮಾತ್ರ ಹೆಬ್ಬೆರಳಿಗೆ ತಾಗುತ್ತದೆ.